ನಕ್ಷತ್ರಗಳ ಎಣಿಕೆ ಮತ್ತು ವಿಮರ್ಶೆಯ ಹೊಣೆ

ಹೊಸ ವಿಡಿಯೊ ಗೇಮ್ ಒಂದು ಬಿಡುಗಡೆಯಾದ ವಾರ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ತರುಣರ ನಡುವೆ ಏಳುವ ವಾಗ್ವಾದಕ್ಕೂ ಬೆಂಗಳೂರು, ಹೈದರಾಬಾದುಗಳ ತರುಣರ ವಾಗ್ವಾದಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ. ಒಬ್ಬ ವಿಮರ್ಶಕ ಆಟಕ್ಕೆ ಹತ್ತರಲ್ಲಿ ಒಂಬತ್ತು ಅಂಕ ಕೊಟ್ಟಿರುತ್ತಾನೆ, ಇನ್ನೊಬ್ಬ ಐದು. ಒಂಬತ್ತು ಕೊಟ್ಟವನು ಕಂಪನಿಯಿಂದ ಹಣ ಪಡೆದವನೆಂದು ಒಂದು ಗುಂಪು ಹೇಳಿದರೆ, ಐದು ಕೊಟ್ಟವನಿಗೆ ಆಡಲು ಬರುವುದೇ ಇಲ್ಲವೆಂದು ಮತ್ತೊಂದು ಗುಂಪು ಹೇಳುತ್ತದೆ. ಕೆಲವೇ ಗಂಟೆಗಳಲ್ಲಿ ಆಟದ ಮಾತು ಹಿಂದೆ ಸರಿದು ವಿಮರ್ಶಕರ ಮೇಲಿನ ಸಿಟ್ಟು ಮುಂದಾಗುತ್ತದೆ.

ಇದನ್ನು ಹುಡುಗಾಟವೆಂದು ತಳ್ಳಿಹಾಕುವ ಹಿರಿಯರಿದ್ದಾರೆ. ಆದರೆ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಿಗೆ ಇದು ಹೊರಗಿನ ಪ್ರಶ್ನೆಯಲ್ಲ. ಕೃತಿಯೊಂದರ ಬೆಲೆಯನ್ನು ಹೇಳಲು ಅರ್ಹರಾರು, ಆ ಮಾತಿಗೆ ಆಧಾರವೇನು, ಬಲ್ಲವರಲ್ಲೇ ಭಿನ್ನಾಭಿಪ್ರಾಯ ಬಂದಾಗ ಏನು ಮಾಡಬೇಕು ಎಂಬುದನ್ನು ಅವರು ಬೆಳಿಗ್ಗೆ ತರಗತಿಯಲ್ಲಿ ಕಾವ್ಯಮೀಮಾಂಸೆ ಎಂದು ಓದುತ್ತಾರೆ. ಸಂಜೆ ಮೊಬೈಲ್ ಕೈಗೆ ಬಂದಾಗ ಅದೇ ಪ್ರಶ್ನೆಗಳನ್ನು ಬೈಗುಳದಿಂದ ಬಗೆಹರಿಸುತ್ತಾರೆ. ಬೆಳಗಿನ ಓದು ಸಂಜೆಯ ಆಟಕ್ಕೆ ಉಪಯೋಗವಾಗದಿದ್ದರೆ ಆ ಓದು ಪರೀಕ್ಷೆಯ ಉತ್ತರಪತ್ರಿಕೆಯೊಡನೆಯೇ ಮುಗಿದುಹೋಗುತ್ತದೆ. ಆಟಗಾರರ ಸಿಟ್ಟು ಕಾರಣವನ್ನು ಹೇಳತೊಡಗಿದಾಗ ಮಾತ್ರ ವಿಮರ್ಶೆಯಾಗುತ್ತದೆ. ಹಾಗೆ ಕಾರಣ ಹೇಳಲು ಬೇಕಾದ ಸಲಕರಣೆ ಕನ್ನಡದ ವಿದ್ಯಾರ್ಥಿಯ ಕೈಯಲ್ಲಿ ಆಗಲೇ ಇದೆ.

ಮೊದಲು ಮಿಶ್ರ ವಿಮರ್ಶೆಯೆಂದರೆ ಏನೆಂಬುದನ್ನು ನೋಡಬೇಕು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆ ರೂಪಿಸಿದ ‘ರಾಜಿ: ಆ್ಯನ್ ಏನ್ಷಂಟ್ ಎಪಿಕ್’ ಎಂಬ ಆಟ 2020ರ ಆಗಸ್ಟಿನಲ್ಲಿ ನಿಂಟೆಂಡೊ ಸ್ವಿಚ್ ಯಂತ್ರದಲ್ಲಿ, ಅಕ್ಟೋಬರಿನಲ್ಲಿ ಉಳಿದ ಯಂತ್ರಗಳಲ್ಲಿ ಬಿಡುಗಡೆಯಾಯಿತು. ಅಸುರರು ಹೊತ್ತೊಯ್ದ ತಮ್ಮನನ್ನು ಹುಡುಕಿಕೊಂಡು ಹೊರಡುವ ಅಕ್ಕನ ಕಥೆ ಅದು. ದುರ್ಗೆಯೂ ವಿಷ್ಣುವೂ ಅದನ್ನು ನಿರೂಪಿಸುತ್ತಾರೆ. ಭಿತ್ತಿಚಿತ್ರಗಳೂ ತೊಗಲುಗೊಂಬೆಯಾಟವನ್ನು ನೆನಪಿಸುವ ನೆರಳಿನ ದೃಶ್ಯಗಳೂ ಕಥೆಯನ್ನು ಮುಂದಕ್ಕೆ ಒಯ್ಯುತ್ತವೆ. ಈ ಆಟಕ್ಕಾಗಿ ಜನರಿಂದ ಹಣ ಕೂಡಿಸಲು 2017ರಲ್ಲಿ ನಡೆದ ಪ್ರಯತ್ನ ಗುರಿ ಮುಟ್ಟಿರಲಿಲ್ಲ. ಆದರೂ ತಂಡ ಕೆಲಸವನ್ನು ಕೈಬಿಡಲಿಲ್ಲ. ಬಿಡುಗಡೆಯಾದಾಗ ವಿಮರ್ಶಕರು ಚಿತ್ರಶೈಲಿಯನ್ನೂ ಪುರಾಣಲೋಕದ ಕಲ್ಪನೆಯನ್ನೂ ಮೆಚ್ಚಿದರು. ಕಾದಾಟದ ಒರಟುತನ, ಆಟದ ಅಲ್ಪ ಅವಧಿ, ಥಟ್ಟನೆ ನಿಂತುಬಿಡುವ ಕೊನೆ ಇವು ಟೀಕೆಗೆ ಗುರಿಯಾದವು. ಅದೇ ವರ್ಷ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ಚೊಚ್ಚಲ ಕೃತಿಗಳ ವಿಭಾಗಕ್ಕೆ ಈ ಆಟ ನಾಮನಿರ್ದೇಶನಗೊಂಡಿತು.

ಇಲ್ಲಿ ಯಾವ ವಿಮರ್ಶಕ ತಪ್ಪು ಹೇಳಿದ? ಗದ್ವಾಲದವರಿಗೆ ಇದರ ಉತ್ತರ ಮನೆಯಲ್ಲೇ ಸಿಕ್ಕುತ್ತದೆ. ಸಾಂಪ್ರದಾಯಿಕ ಗದ್ವಾಲ ಸೀರೆಯ ಒಡಲು ಹತ್ತಿಯದು, ಅಂಚು ಮತ್ತು ಸೆರಗು ರೇಷ್ಮೆಯವು. ಒಬ್ಬರು ಸೆರಗನ್ನು ನೋಡಿ ಹೊಗಳಬಹುದು, ಒಬ್ಬರು ಒಡಲಿನ ನೇಯ್ಗೆಯನ್ನು ಮುಟ್ಟಿ ಹುಳುಕು ತೋರಿಸಬಹುದು, ಮೂರನೆಯವರು ಹತ್ತಿಯೂ ರೇಷ್ಮೆಯೂ ಕೂಡುವೆಡೆಯ ಹೆಣಿಗೆಯನ್ನು ಹಿಡಿದು ನೋಡಬಹುದು. ಮೂವರ ಮಾತೂ ಒಂದೇ ಸೀರೆಯ ಬಗೆಗಿನ ನಿಜವಾಗಿರಬಲ್ಲದು. ಯಾರು ಎಲ್ಲಿ ಕೈಯಿಟ್ಟು ಮಾತಾಡಿದರೆಂಬುದನ್ನು ತಿಳಿದವನು ಮೂವರಿಂದಲೂ ಕಲಿಯುತ್ತಾನೆ. ಬರಿಯ ಅಂಕವನ್ನು ಕೇಳಿದವನಿಗೆ ಜಗಳ ಮಾತ್ರ ಕಾಣುತ್ತದೆ. ಒಂಬತ್ತಕ್ಕೂ ಐದಕ್ಕೂ ಸರಾಸರಿ ಏಳು ಬರುತ್ತದೆ, ಆದರೆ ಏಳು ಎಂದವರು ಯಾರೂ ಇಲ್ಲ. ಅಂಕಗಳನ್ನು ಕೂಡಿಸಿ ಸರಾಸರಿ ತೆಗೆಯುವ ವ್ಯವಸ್ಥೆ, ವಿಮರ್ಶೆಯಲ್ಲಿ ಎಲ್ಲಕ್ಕಿಂತ ಉಪಯುಕ್ತವಾದ ಭಾಗವನ್ನೇ, ಅಂದರೆ ಭಿನ್ನಾಭಿಪ್ರಾಯದ ಕಾರಣವನ್ನೇ ಅಳಿಸಿಹಾಕುತ್ತದೆ.

ಹಾಗಾದರೆ ಸಿಟ್ಟು ಎಲ್ಲಿಂದ ಬರುತ್ತದೆ? ಕಾಶ್ಮೀರದ ಅಭಿನವಗುಪ್ತ ಸಾವಿರ ವರ್ಷಗಳ ಹಿಂದೆ ‘ಅಭಿನವಭಾರತಿ’ಯಲ್ಲಿ ರಸಾನುಭವಕ್ಕೆ ಅಡ್ಡಬರುವ ಏಳು ವಿಘ್ನಗಳನ್ನು ಎಣಿಸಿದ್ದಾನೆ. ವಿದ್ಯಾರ್ಥಿಗಳು ಅವನ್ನು ಬಾಯಿಪಾಠ ಮಾಡಿ ಮರೆಯುವುದುಂಟು. ಇಂದಿನ ಆಟಗಾರರ ಜಗಳಗಳನ್ನು ಎದುರಿಗಿಟ್ಟುಕೊಂಡರೆ ಅವುಗಳಲ್ಲಿ ಕೆಲವಂತೂ ಮತ್ತೆ ಮರೆಯಲಾರವು.

ಒಂದು ವಿಘ್ನ ‘ನಿಜಸುಖಾದಿವಿವಶೀಭಾವ’. ನೋಡುವವನು ತನ್ನದೇ ಸುಖದುಃಖದಲ್ಲಿ ಮುಳುಗಿದ್ದರೆ ಎದುರಿಗಿರುವ ಕೃತಿ ಅವನಿಗೆ ಕಾಣುವುದಿಲ್ಲ. ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಸಂಸ್ಥೆಯ ‘ಫೌಜಿ’ ಇದಕ್ಕೆ ಉದಾಹರಣೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿ ಮೊಬೈಲ್ ಸೇರಿದಂತೆ 118 ಆ್ಯಪ್‌ಗಳನ್ನು ನಿಷೇಧಿಸಿತು. ಎರಡೇ ದಿನಗಳಲ್ಲಿ ‘ಫೌಜಿ’ಯ ಘೋಷಣೆಯಾಯಿತು. ಇದು ಪಬ್ಜಿಯ ಜಾಗವನ್ನು ತುಂಬುತ್ತದೆಂದು ಜನ ತಾವೇ ಊಹಿಸಿಕೊಂಡರು. 2021ರ ಜನವರಿ 26ರಂದು ಕೈಗೆ ಬಂದ ಆಟ ಬೇರೆಯೇ ಆಗಿತ್ತು. ಗಾಲ್ವಾನ್ ಕಣಿವೆಯ ಹಿನ್ನೆಲೆ, ಒಬ್ಬನೇ ಆಡುವ ಕಥನ, ಬಂದೂಕಿಲ್ಲದ ಕೈಕೈ ಕಾದಾಟ. ಒಂದೇ ಬಗೆಯ ಹೊಡೆದಾಟ ಮರಳಿ ಮರಳಿ ಬರುತ್ತದೆಂಬ ಟೀಕೆಯಲ್ಲಿ ಹುರುಳಿತ್ತು. ಆದರೆ ಪ್ಲೇಸ್ಟೋರಿನಲ್ಲಿ ಒಂದೊಂದೇ ನಕ್ಷತ್ರ ಸುರಿದವರಲ್ಲಿ ಅನೇಕರು ಆ ಆಟವನ್ನು ಅಳೆಯುತ್ತಿರಲಿಲ್ಲ, ಕಳೆದುಕೊಂಡ ಮತ್ತೊಂದು ಆಟಕ್ಕಾಗಿ ಮರುಗುತ್ತಿದ್ದರು. ಅವರಿಗೆ ಎದುರಾಗಿ ಐದೈದು ನಕ್ಷತ್ರ ಕೊಟ್ಟು ದೇಶಾಭಿಮಾನ ಮೆರೆದವರೂ ಆ ಆಟವನ್ನು ಅಳೆಯಲಿಲ್ಲ. ಹೊಡೆದಾಟ ಏಕತಾನವೆಂಬ ನ್ಯಾಯವಾದ ಮಾತು ಈ ಎರಡು ಗುಂಪುಗಳ ಗದ್ದಲದ ನಡುವೆ ಕೇಳದೆಹೋಯಿತು.

ಇನ್ನೊಂದು ವಿಘ್ನ ‘ಪ್ರತೀತ್ಯುಪಾಯವೈಕಲ್ಯ’, ಅಂದರೆ ಅರಿವಿಗೆ ಬೇಕಾದ ಸಾಧನದಲ್ಲೇ ಊನವಿರುವುದು. ಇಲ್ಲಿ ಆಟಗಾರರ ಸಿಟ್ಟು ಪೂರ್ಣ ನ್ಯಾಯವಾಗಿದ್ದ ಪ್ರಸಂಗವೊಂದಿದೆ. ಪೋಲೆಂಡಿನ ಸಿಡಿ ಪ್ರಾಜೆಕ್ಟ್ ರೆಡ್ ಸಂಸ್ಥೆಯ ‘ಸೈಬರ್‌ಪಂಕ್ 2077’ ಆಟವನ್ನು ಬಿಡುಗಡೆಗೆ ಮುನ್ನ ವಿಮರ್ಶಕರಿಗೆ ಕೊಟ್ಟದ್ದು ಕಂಪ್ಯೂಟರಿನ ಆವೃತ್ತಿಯಲ್ಲಿ ಮಾತ್ರ. ಅವರು ಮೆಚ್ಚಿ ಬರೆದರು. 2020ರ ಡಿಸೆಂಬರ್ 10ರಂದು ಹಳೆಯ ಪ್ಲೇಸ್ಟೇಷನ್ 4ರಲ್ಲಿ ಅದನ್ನು ಆಡಲು ಕುಳಿತವರಿಗೆ ಮಸುಕು ಚಿತ್ರಗಳೂ ನಡುನಡುವೆ ಸ್ಥಗಿತಗೊಳ್ಳುವ ಆಟವೂ ಎದುರಾದವು. ಆಟಗಾರರು ಯಾವ ಯಂತ್ರದಲ್ಲಿ, ಯಾವ ಸನ್ನಿವೇಶದಲ್ಲಿ, ಏನು ಕೆಟ್ಟಿತೆಂದು ದೃಶ್ಯಸಮೇತ ತೋರಿಸಿದರು. ವಾರ ಕಳೆಯುವಷ್ಟರಲ್ಲಿ ಸೋನಿ ಸಂಸ್ಥೆ ಆ ಆಟವನ್ನು ತನ್ನ ಅಂಗಡಿಯಿಂದ ಹಿಂತೆಗೆದು ಹಣ ಮರಳಿಸಲು ಒಪ್ಪಿತು. ಆಟ ಅಲ್ಲಿಗೆ ಮರಳಿದ್ದು 2021ರ ಜೂನಿನಲ್ಲಿ. ಗೆದ್ದದ್ದು ಆಟಗಾರರ ಸಂಖ್ಯಾಬಲವಷ್ಟೇ ಅಲ್ಲ, ಅವರ ಮಾತಿನ ಖಚಿತತೆ. ವಿಮರ್ಶಕರು ಸುಳ್ಳು ಹೇಳಿರಲಿಲ್ಲ. ತಾವು ಕಂಡದ್ದು ಎಲ್ಲರೂ ಕಾಣುವಂಥದಲ್ಲ ಎಂಬುದನ್ನು ಅವರಲ್ಲಿ ಬಹುಮಂದಿ ಸಾಕಷ್ಟು ಒತ್ತಿ ಹೇಳಲಿಲ್ಲ.

ಇದಕ್ಕೆ ತದ್ವಿರುದ್ಧವಾದುದು ‘ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2’ರ ಪ್ರಸಂಗ. ಅದೇ 2020ರ ಜೂನ್ 19ರಂದು ಬಂದ ಈ ಆಟವನ್ನು ಮುಗಿಸಲು ಇಪ್ಪತ್ತು ಗಂಟೆಗಳಿಗೂ ಮಿಕ್ಕಿ ಬೇಕು. ಬಿಡುಗಡೆಯಾದ ಕೆಲವೇ ಗಂಟೆಗಳಲ್ಲಿ ಮೆಟಾಕ್ರಿಟಿಕ್ ತಾಣದಲ್ಲಿ ಸಾವಿರಾರು ಮಂದಿ ಅದಕ್ಕೆ ಕನಿಷ್ಠ ಅಂಕ ಕೊಟ್ಟಿದ್ದರು. ಆಡಿ ಮುಗಿಸದೆ ಕೊಟ್ಟ ತೀರ್ಪು ಅದೆಂದು ಹೇಳಲು ಗಡಿಯಾರವೊಂದೇ ಸಾಕು. ಮರುತಿಂಗಳು ಆ ತಾಣ ಹೊಸ ಆಟಗಳಿಗೆ ಬಳಕೆದಾರರು ಅಂಕ ಕೊಡುವ ಮುನ್ನ 36 ಗಂಟೆ ಕಾಯಬೇಕೆಂಬ ನಿಯಮವನ್ನು ತಂದಿತು. ತಾಳ್ಮೆಯನ್ನು ಯಂತ್ರದ ಮೂಲಕ ವಿಧಿಸಬೇಕಾದ ಸ್ಥಿತಿ ಸಹೃದಯರ ಲೋಕಕ್ಕೆ ಹೆಮ್ಮೆಯ ಸಂಗತಿಯಲ್ಲ.

ಹಣ ಕೊಟ್ಟವನಿಗೆ ‘ಚೆನ್ನಾಗಿಲ್ಲ’ ಎನ್ನುವ ಹಕ್ಕಿಲ್ಲವೆ, ಅದಕ್ಕೂ ಕಾವ್ಯಮೀಮಾಂಸೆ ಓದಬೇಕೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕನ್ಸೋಲಿನ ಹೊಸ ಆಟವೊಂದಕ್ಕೆ ನಾಲ್ಕೈದು ಸಾವಿರ ರೂಪಾಯಿ ಬೀಳುವಾಗ, ಚಿಕ್ಕ ಊರಿನ ಮನೆಯಲ್ಲಿ ಅದು ಒಂದು ತಿಂಗಳ ಕಿರಾಣಿಯ ಲೆಕ್ಕ. ಮೋಸಹೋದವನ ನೋವನ್ನು ಲಘುವಾಗಿ ಕಾಣಲಾಗದು. ‘ಚೆನ್ನಾಗಿಲ್ಲ’ ಎನ್ನುವ ಹಕ್ಕು ಎಲ್ಲರಿಗೂ ಇದೆ. ಆದರೆ ಆ ಒಂದು ಪದದಿಂದ ಹಣ ಕೊಡಲಿರುವ ಮತ್ತೊಬ್ಬನಿಗೆ ಯಾವ ನೆರವೂ ಆಗದು. ಏಕೆ ಚೆನ್ನಾಗಿಲ್ಲವೆಂದು ಹೇಳಿದಾಗ ಮಾತ್ರ ಆ ನೋವು ಇನ್ನೊಬ್ಬರ ಹಣವನ್ನು ಉಳಿಸುತ್ತದೆ. ಓದು ಬೇಕಾಗುವುದು ಹಕ್ಕನ್ನು ಪಡೆಯುವುದಕ್ಕಲ್ಲ, ಅದನ್ನು ಪ್ರಯೋಜನಕ್ಕೆ ತರುವುದಕ್ಕೆ.

ಟೀಕೆಗೆ ಸಿಟ್ಟಾಗುವುದು ಹೇಗೆಂಬುದಕ್ಕೆ ಈ ಸೀಮೆಯಲ್ಲೇ ಒಂದು ಮಾದರಿಯಿದೆ. ವಿದ್ವಾಂಸರಿಗೆ ಆಶ್ರಯ ಕೊಟ್ಟು ಹೆಸರಾದ ಗದ್ವಾಲ ಸಂಸ್ಥಾನದ ಪ್ರದೇಶದಿಂದ ಬಂದವರು ಸುರವರಂ ಪ್ರತಾಪರೆಡ್ಡಿ. ಹೈದರಾಬಾದಿನಲ್ಲಿ ‘ಗೋಲಕೊಂಡ ಪತ್ರಿಕೆ’ಯನ್ನು ನಡೆಸುತ್ತಿದ್ದವರು. ನಿಜಾಮ ರಾಜ್ಯದ ತೆಲಂಗಾಣದಲ್ಲಿ ತೆಲುಗು ಕವಿಗಳೇ ಇಲ್ಲವೆಂಬ ಟೀಕೆ ಆ ಕಾಲದಲ್ಲಿ ಅಚ್ಚಾಯಿತು. ಅದಕ್ಕೆ ಪ್ರತಾಪರೆಡ್ಡಿಯವರ ಉತ್ತರ 1934ರಲ್ಲಿ ಹೊರಬಂದ ‘ಗೋಲಕೊಂಡ ಕವುಲ ಸಂಚಿಕ’. ಅದರಲ್ಲಿ ಆ ನೆಲದ 354 ಕವಿಗಳ ರಚನೆಗಳಿದ್ದವು. ಟೀಕಾಕಾರನ ಕುಲಗೋತ್ರ ಕೆದಕದೆ ಅವನ ಮಾತಿಗೆ ಎದುರಾಗಿ ಕೃತಿಗಳನ್ನೇ ತಂದು ನಿಲ್ಲಿಸಿದ ಕೆಲಸವದು. ಸಿಟ್ಟಿಲ್ಲದೆ ಅಂಥ ಗ್ರಂಥ ಹುಟ್ಟುವುದಿಲ್ಲ. ಆ ಸಿಟ್ಟು ಸಾಕ್ಷ್ಯವಾಗಿ ಮಾರ್ಪಟ್ಟಿದ್ದರಿಂದಲೇ ಟೀಕೆ ಕಾಲದಲ್ಲಿ ಹಿಂದುಳಿದರೂ ಉತ್ತರ ಉಳಿಯಿತು.

ಕನ್ನಡದಲ್ಲಿ ನೋಡಿದರೆ, ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಈ ನಾಡಿನ ಜನರನ್ನು ವರ್ಣಿಸುವಾಗ ವಿಧಿವತ್ತಾಗಿ ಓದದವರೂ ಕಾವ್ಯದ ಮರ್ಮ ಬಲ್ಲವರೆಂದೂ, ಚಿಕ್ಕಮಕ್ಕಳಿಗೂ ಮಾತಿನ ವಿವೇಕ ತಿಳಿದಿದೆಯೆಂದೂ ಹೇಳುತ್ತದೆ. ವಿಮರ್ಶಕರೇ ಎಲ್ಲ ಬಲ್ಲವರೆಂಬ ಅಹಂಕಾರಕ್ಕೆ ಅಲ್ಲಿ ಎಡೆಯಿಲ್ಲ. ಆದರೆ ಆ ಹೊಗಳಿಕೆ ಒಂದು ಹೊಣೆಯನ್ನೂ ಹೊರಿಸುತ್ತದೆ. ಜನರಿಗೆ ವಿವೇಕವಿದೆ ಎನ್ನುವ ಗ್ರಂಥವೇ ಮುಂದೆ ಗುಣದೋಷಗಳನ್ನು ಉದಾಹರಣೆ ಸಹಿತ ಬಿಡಿಸಿಡುತ್ತದೆ. ದೋಷವಿದೆ ಎಂದವನು ಅದು ಎಲ್ಲಿದೆಯೆಂದು ತೋರಿಸಬೇಕು. ಕನ್ನಡದ ಮೊದಲ ಶಾಸ್ತ್ರಗ್ರಂಥ ಹಾಕಿಕೊಟ್ಟ ಶಿಸ್ತು ಇದು.

1956ರ ನವೆಂಬರಿನವರೆಗೆ ರಾಯಚೂರಿನೊಡನೆ ಹೈದರಾಬಾದ್ ರಾಜ್ಯದಲ್ಲಿ ಒಂದಾಗಿದ್ದ ಈ ಮೂರು ಊರುಗಳ ಕನ್ನಡ ವಿದ್ಯಾರ್ಥಿಗಳಿಗೆ ಇಲ್ಲಿ ವಿಶೇಷ ಕೆಲಸವಿದೆ. ಆಟದ ಸೂಚನೆಗಳನ್ನು ಅವರು ಇಂಗ್ಲಿಷಿನಲ್ಲಿ ಓದುತ್ತಾರೆ, ಆಡುವಾಗಿನ ಕೂಗಾಟ ತೆಲುಗು, ಹಿಂದಿಗಳಲ್ಲಿ ನಡೆಯುತ್ತದೆ. ಕನ್ನಡ ಮನೆಯ ಮಾತಾಗಿ, ಪಠ್ಯದ ವಿಷಯವಾಗಿ ಹಿಂದೆ ಉಳಿಯುತ್ತದೆ. ತರುಣರು ದಿನದ ಬಹುಪಾಲು ಬಿಸಿಯಾಗಿ ಚರ್ಚಿಸುವ ವಿಷಯಕ್ಕೆ ಒಂದು ಭಾಷೆಯಲ್ಲಿ ಮಾತುಗಳಿಲ್ಲದಿದ್ದರೆ, ಆ ಭಾಷೆ ಅವರ ಮಟ್ಟಿಗೆ ಹಳೆಯ ಪುಸ್ತಕಗಳದಾಗಿಬಿಡುತ್ತದೆ. ಗಡಿಯಲ್ಲಿ ಈ ನಷ್ಟ ಬೇಗ ಆಗುತ್ತದೆ. ಇಲ್ಲಿ ಕನ್ನಡವನ್ನು ಬಿಡಲು ಯಾರೂ ತೀರ್ಮಾನಿಸಬೇಕಾಗಿಲ್ಲ, ಬಳಸದೆ ಇದ್ದರೆ ಸಾಕು.

ಆದ್ದರಿಂದ ಮುಂದಿನ ಬಾರಿ ಆಟವೊಂದರ ವಿಮರ್ಶೆಗಳು ಎರಡು ದಿಕ್ಕಿಗೆ ಎಳೆದಾಗ ವಿದ್ಯಾರ್ಥಿಗಳು ಒಂದು ಪುಟ ಕನ್ನಡದಲ್ಲಿ ಬರೆಯಲಿ. ಯಾವ ಫೋನಿನಲ್ಲಿ ಆಡಿದ್ದು, ಎಷ್ಟು ಗಂಟೆ ಆಡಿದ್ದು, ಎಲ್ಲಿ ನಿಲ್ಲಿಸಿದ್ದು ಎಂಬುದು ಮೊದಲು ಬರಲಿ. ಇಬ್ಬರು ವಿಮರ್ಶಕರು ಯಾವ ಅಂಶದಲ್ಲಿ ಬೇರೆಯಾದರೆಂಬುದು ಅನಂತರ. ತನ್ನ ಅನುಭವ ಯಾರ ಮಾತನ್ನು ಎಷ್ಟರಮಟ್ಟಿಗೆ ಸಮರ್ಥಿಸಿತು, ತನ್ನ ನಿರೀಕ್ಷೆಯೇ ವಿಘ್ನವಾಯಿತೆ, ಯಂತ್ರದ ಊನ ವಿಘ್ನವಾಯಿತೆ, ಅಥವಾ ದೋಷ ಕೃತಿಯದೇ ಎಂಬುದು ಕೊನೆಗೆ. ದುಬಾರಿ ಯಂತ್ರದ ಮುಂದೆ ಕುಳಿತ ದೂರದ ವಿಮರ್ಶಕನಿಗೆ ಮಕ್ತಲಿನ ಹುಡುಗಿಯ ಅಗ್ಗದ ಫೋನಿನಲ್ಲಿ ಅದೇ ಆಟ ಹೇಗೆ ನಡೆಯುತ್ತದೆಂಬುದು ಗೊತ್ತಿಲ್ಲ. ಅದನ್ನು ಹೇಳಬಲ್ಲವಳು ಅವಳೊಬ್ಬಳೇ.

ಒಂದು ನಕ್ಷತ್ರ ಒತ್ತಲು ಕ್ಷಣ ಸಾಕು, ಒಂದು ಪುಟ ಬರೆಯಲು ಸಂಜೆಯೊಂದು ಬೇಕು. ಆದರೆ ಬೇರೆ ಊರಿನಲ್ಲಿ ಅದೇ ಆಟಕ್ಕಾಗಿ ಹಣ ಕೂಡಿಡುತ್ತಿರುವ ಮತ್ತೊಬ್ಬ ಕನ್ನಡ ವಿದ್ಯಾರ್ಥಿಗೆ ಉಪಯೋಗಕ್ಕೆ ಬರುವುದು ಆ ಪುಟವೇ.