ಎರಡು ನಿಷೇಧಗಳು

ಕನ್ನಡ ನಾಡಿನ ವಿದ್ಯಾರ್ಥಿಯು ‘ನೋಬಡಿ ಡಿಡ್ ನಾಟ್ ಕಮ್’ ಎಂದು ಬರೆದರೆ ತರಗತಿಯಲ್ಲಿ ನಗೆಯೇಳುತ್ತದೆ. ತಿದ್ದುವುದು ಅವಶ್ಯ, ಆದರೆ ನಗುವುದಕ್ಕೆ ಕಾರಣವಿಲ್ಲ. ‘ಯಾರೂ ಬರಲಿಲ್ಲ’ ಎಂಬಲ್ಲಿ ನಿಷೇಧವಿರುವುದು ಕ್ರಿಯಾಪದದಲ್ಲಿ ಮಾತ್ರ. ‘ಯಾರೂ’ ಎಂಬ ಪದದಲ್ಲಿ ಅದಿಲ್ಲ. ಇಂಗ್ಲಿಷಿನ ‘ನೋಬಡಿ’ಯಾದರೋ ನಿಷೇಧವನ್ನು ತನ್ನೊಳಗೇ ಅಡಗಿಸಿಕೊಂಡಿದೆ. ವಿದ್ಯಾರ್ಥಿಯು ಪದಕ್ಕೆ ಪದವನ್ನಿಟ್ಟು, ತನಗರಿವಿಲ್ಲದೆಯೇ ನಿಷೇಧವನ್ನು ಇಮ್ಮಡಿಗೊಳಿಸುತ್ತಾನೆ. ‘ನೋಬಡಿ ಕೇಮ್’ ಎಂದರೆ ಸಾಕೆಂಬುದನ್ನು ಈ ಭೇದದೊಡನೆ ತೋರಿಸಿದರೆ ಅವನು ಮತ್ತೆ ಎಡವುವುದು ವಿರಳ.

ಎರಡು ನಿಷೇಧಗಳು ಕೂಡಿದರೆ ವಿಧಿಯಾಗುತ್ತದೆಂದು ಗಣಿತದ ಸೂತ್ರದಂತೆ ಬೋಧಿಸುವ ವಾಡಿಕೆಯುಂಟು. ‘ಅವನು ಬಾರದೆ ಇರಲಿಲ್ಲ’ ಎಂಬ ಕನ್ನಡ ವಾಕ್ಯಕ್ಕೆ ಈ ಲೆಕ್ಕ ಸಲ್ಲುತ್ತದೆ, ನಿಜ. ಆದರೆ ಭಾಷೆಯು ಲೆಕ್ಕವನ್ನೇ ನೆಚ್ಚಿ ನಡೆಯುವುದಿಲ್ಲ. ಚಾಸರನೂ ಷೇಕ್ಸ್‌ಪಿಯರನೂ ನಿಷೇಧದ ಮೇಲೆ ನಿಷೇಧವನ್ನಿಟ್ಟು ಬರೆದುದುಂಟು. ಅದರಿಂದ ಮಾತಿಗೆ ಒತ್ತು ದೊರೆಯಿತೇ ಹೊರತು ಅರ್ಥ ತಿರುಗಲಿಲ್ಲ. ಶಿಷ್ಟ ಬರವಣಿಗೆಯಲ್ಲಿ ಆ ರೂಢಿ ಕ್ರಮೇಣ ಕುಗ್ಗಿತು. 18ನೆಯ ಶತಮಾನದಲ್ಲಿ ರಾಬರ್ಟ್ ಲೌತ್ ಮೊದಲಾದ ವೈಯಾಕರಣರು ಅದನ್ನು ದೋಷವೆಂದು ಬರೆದಿಟ್ಟರು. ಲಂಡನ್ನಿನ ಬೀದಿಗಳಲ್ಲಿಯೂ ಅಮೆರಿಕದ ಹಲವು ಆಡುನುಡಿಗಳಲ್ಲಿಯೂ ಅದು ಇಂದಿಗೂ ಬದುಕಿದೆ. ಉತ್ತರಪತ್ರಿಕೆಯಲ್ಲಿ ಮಾತ್ರ ಅದಕ್ಕೆ ಅಂಕ ದೊರೆಯದು.