ಬಾಗಿಲು ತಟ್ಟಿದ ಕೈ ಆಡುವವನದೇ

ಒಬ್ಬ ಸಾಹುಕಾರ. ಅವನ ಪರವಾಗಿ ಬಾಕಿ ಎತ್ತಲು ಹೋಗುವ ಗಟ್ಟಿಮುಟ್ಟಾದ ಆಳೊಬ್ಬ. ಊರಾಚೆಯ ತೋಟದ ಮನೆಯಲ್ಲಿ ಸಾಲಗಾರ ಸಿಗುತ್ತಾನೆ. ಕೆಮ್ಮಿ ಕೆಮ್ಮಿ ಸೊರಗಿದ ಬಡ ರೈತ. ಕೊಡಲು ಅವನ ಬಳಿ ಏನೂ ಇಲ್ಲ. ಆಳು ಅವನ ಕೊರಳಪಟ್ಟಿ ಹಿಡಿದು ಬಡಿಯುತ್ತಾನೆ. ಆ ಜಗ್ಗಾಟದಲ್ಲಿ ರೈತ ಕೆಮ್ಮಿದ ರಕ್ತ ಆಳಿನ ಮುಖಕ್ಕೆ ಸಿಡಿಯುತ್ತದೆ. ಹೆಂಡತಿ, ಮಗ ಹೊರಗೆ ಓಡಿ ಬರುತ್ತಾರೆ.

ಬೀದರ್ ಜಿಲ್ಲೆಯ ಹಳ್ಳಿಖೇಡ (ಬಿ)ಯ ಯಾವುದಾದರೂ ಕಟ್ಟೆಯ ಮೇಲೆ ಕುಳಿತು ಇದನ್ನು ಹೇಳಿದರೆ ‘ಇದು ಯಾವೂರಾಗ ಆಗ್ಯದ?’ ಎಂದು ಕೇಳುವವರೇ ಹೆಚ್ಚು. ಸಾಲ ವಸೂಲಿಯ ಕಿರುಕುಳ ತಾಳಲಾರದೆ ಜನ ಊರು ಬಿಟ್ಟು, ಜೀವ ಬಿಟ್ಟು, ಕೊನೆಗೆ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಗಿ ಬಂದ ರಾಜ್ಯ ಇದು. ಆದರೆ ಮೇಲಿನ ಘಟನೆ ನಡೆಯುವುದು 1899ರ ಅಮೆರಿಕದಲ್ಲಿ, ಅದೂ ಒಂದು ವಿಡಿಯೊ ಗೇಮ್‌ನೊಳಗೆ. ಹೆಸರು ‘ರೆಡ್ ಡೆಡ್ ರಿಡೆಂಪ್ಷನ್ 2’. 2018ರ ಅಕ್ಟೋಬರ್‌ನಲ್ಲಿ ಬಂದ ಈ ಆಟದ 7 ಕೋಟಿಗೂ ಹೆಚ್ಚು ಪ್ರತಿಗಳು ಜಗತ್ತಿನಲ್ಲಿ ಮಾರಾಟವಾಗಿವೆ.

ಆ ಆಳಿನ ಹೆಸರು ಆರ್ಥರ್ ಮಾರ್ಗನ್. ಹೊಡೆದು ಬಂದ ಮೇಲೆ ಆಡುವವರು ಆ ರೈತನನ್ನು ಮರೆತೇಬಿಡುತ್ತಾರೆ. ಕುದುರೆ ಸವಾರಿ, ಬೇಟೆ, ರೈಲು ದರೋಡೆ ಎಂದು ಹತ್ತಾರು ಗಂಟೆ ಕಳೆದುಹೋಗುತ್ತದೆ. ಆಮೇಲೊಂದು ದಿನ ಆರ್ಥರ್ ಬೀದಿಯಲ್ಲಿ ಕುಸಿದು ಬೀಳುತ್ತಾನೆ. ವೈದ್ಯ ಹೇಳುತ್ತಾನೆ: ಕ್ಷಯ. ಎಲ್ಲಿಂದ ಹತ್ತಿತು ಎಂದು ಯೋಚಿಸಿದಾಗ ಆ ತೋಟದ ಮನೆ, ಆ ಕೆಮ್ಮು ನೆನಪಾಗುತ್ತದೆ. ಹೊಡೆಯಲು ಗುಂಡಿ ಒತ್ತಿದ ಬೆರಳು ತನ್ನದೇ ಎಂಬುದೂ ಆಡುವವನಿಗೆ ಆಗಲೇ ಹೊಳೆಯುವುದು.

ಸಿನಿಮಾದಲ್ಲಿ ಇದೇ ದೃಶ್ಯ ಬಂದಿದ್ದರೆ ನೋಡುವವರು ಖಳನನ್ನು ಬೈದುಕೊಂಡು ಸುಮ್ಮನಾಗುತ್ತಿದ್ದರು. ಕಾದಂಬರಿಯಲ್ಲಿ ಓದಿದ್ದರೆ ರೈತನಿಗಾಗಿ ಮರುಗುತ್ತಿದ್ದರು. ಗೇಮ್ ಮಾತ್ರ ‘ಅವನು ಹೊಡೆದ’ ಎಂಬುದನ್ನು ‘ನಾನು ಹೊಡೆದೆ’ ಎಂದು ಬದಲಾಯಿಸಬಲ್ಲದು. ಮುಂದೆ ಆ ರೈತನ ವಿಧವೆ, ಮಗ ಮತ್ತೆ ಎದುರಾಗುತ್ತಾರೆ. ಅವರಿಗೆ ನೆರವಾಗುವುದೋ ಬಿಡುವುದೋ ಆಡುವವನಿಗೆ ಬಿಟ್ಟದ್ದು. ಸಾಹುಕಾರನನ್ನು ಆರ್ಥರ್ ತಮ್ಮ ಗುಂಪಿನ ಬಿಡಾರದಿಂದ ಹೊರಗಟ್ಟುತ್ತಾನೆ. ಇದನ್ನು ಆಡಿ ಮುಗಿಸಿದ ಎಷ್ಟೋ ಮಂದಿ ವರ್ಷಗಳ ಮೇಲೂ ಆರ್ಥರ್‌ನ ಮಾತು ತೆಗೆಯುತ್ತಾರೆ, ತೀರಿಕೊಂಡ ಬಂಧುವಿನ ಮಾತು ತೆಗೆದಂತೆ.

ಆಟ ಕಟ್ಟುವ ಈ ಕೆಲಸದಲ್ಲಿ ಕರ್ನಾಟಕದ ಪಾಲೂ ಇದೆ. ಆಟವನ್ನು ಕಟ್ಟಿದ ರಾಕ್‌ಸ್ಟಾರ್ ಕಂಪನಿಯ ಒಂದು ಸ್ಟುಡಿಯೊ ಬೆಂಗಳೂರಿನಲ್ಲಿದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ಶುರು ಮಾಡಿದ ಧ್ರುವ ಇಂಟರ‍್ಯಾಕ್ಟಿವ್, ದೇಶದ ಮೊಟ್ಟಮೊದಲ ಗೇಮ್ ಕಂಪನಿಗಳಲ್ಲಿ ಒಂದು. 2019ರಲ್ಲಿ ರಾಕ್‌ಸ್ಟಾರ್ ಅದನ್ನೂ ಕೊಂಡುಕೊಂಡು ತನ್ನ ಬೆಂಗಳೂರು ತಂಡಕ್ಕೆ ಸೇರಿಸಿಕೊಂಡಿತು.

ಇಷ್ಟಾದರೂ ಕರ್ನಾಟಕದಲ್ಲಿ ಗೇಮ್ ಎಂದರೆ ಪೊಲೀಸು, ಕೋರ್ಟು, ನಿಷೇಧ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿಗೆ ಬೀಗ ಹಾಕಿತು. 2021ರ ಅಕ್ಟೋಬರ್‌ನಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ತಡೆಯುವ ರಾಜ್ಯದ ಕಾಯ್ದೆ ಜಾರಿಗೆ ಬಂತು. 2022ರ ಫೆಬ್ರುವರಿ 14ರಂದು ಅದರ ಮುಖ್ಯ ಅಂಶಗಳನ್ನು ಹೈಕೋರ್ಟ್ ರದ್ದುಪಡಿಸಿತು. ಸರಿಯಾಗಿ ಅದೇ ದಿನ ಕೇಂದ್ರ 54 ಆ್ಯಪ್‌ಗಳನ್ನು ನಿಷೇಧಿಸಿದ ಸುದ್ದಿ ಬಂತು. ಫ್ರೀ ಫೈರ್ ಅವುಗಳಲ್ಲೊಂದು. 2025ರ ಆಗಸ್ಟ್‌ನಲ್ಲಿ ಹಣದ ಆಟಗಳನ್ನೇ ನಿಷೇಧಿಸುವ ಮಸೂದೆಗೆ ಸಂಸತ್ತು ಒಪ್ಪಿಗೆ ಕೊಟ್ಟಿತು. ಜೂಜಿಗೆ ಮೂಗುದಾರ ಬೇಕು, ಅದರಲ್ಲಿ ತಕರಾರಿಲ್ಲ. ಆದರೆ ಇಷ್ಟು ವರ್ಷಗಳ ಗದ್ದಲದಲ್ಲಿ ಯಾರೂ ಕೇಳದೆ ಉಳಿದ ಪ್ರಶ್ನೆ ಒಂದಿದೆ: ಈ ಆಟಗಳಲ್ಲಿ ಒಳ್ಳೆಯದು ಯಾವುದು, ಪೊಳ್ಳು ಯಾವುದು?

ಸಂಜೆ ಹಳ್ಳಿಖೇಡದ ಹುಡುಗರ ಫೋನಿನಲ್ಲಿ ಕಾಣುವುದು ಹೆಚ್ಚಾಗಿ ನಿಷೇಧದ ನಂತರವೂ ಸಿಗುವ ಫ್ರೀ ಫೈರ್ ಮ್ಯಾಕ್ಸ್ ಅಥವಾ ಪಬ್‌ಜಿಯ ಭಾರತದ ಆವೃತ್ತಿ ಬಿಜಿಎಂಐ. ಕಡಿಮೆ ಬೆಲೆಯ ಫೋನಿನಲ್ಲೂ ಓಡುತ್ತವೆ, ಕೊಳ್ಳಲು ದುಡ್ಡು ಬೇಕಿಲ್ಲ. ಹತ್ತಿಪ್ಪತ್ತು ನಿಮಿಷದ ಒಂದು ಮ್ಯಾಚ್, ಗೆದ್ದರೆ ಪರದೆ ಮೇಲೆ ‘ಬೂಯಾ’, ಸೋತರೆ ಇನ್ನೊಂದು ಮ್ಯಾಚ್. ರ‍್ಯಾಂಕ್ ಪುಶ್ ಮಾಡಬೇಕು, ಡೈಮಂಡ್ ಕೂಡಿಸಬೇಕು, ಹೊಸ ಅಂಗಿ ಬಂದರೆ ತೊಡಿಸಬೇಕು. ಸೀಸನ್ ಮುಗಿದರೆ ರ‍್ಯಾಂಕ್ ಕೆಳಗಿಳಿಯುತ್ತದೆ, ಮತ್ತೆ ಮೊದಲಿನಿಂದ. ‘ಆ ಫೋನಿನ್ಯಾಗ ಅಂಥಾದ್ದೇನದ?’ ಎಂದು ತಾಯಿ ಕೇಳಿದರೆ ಹುಡುಗನಿಗೆ ಹೇಳಲು ಕಥೆಯೊಂದಿಲ್ಲ. ಮೂರು ಸಾವಿರ ಮ್ಯಾಚ್ ಆಡಿದವನಿಗೂ ಅವುಗಳಲ್ಲಿ ಮೂರು ನೆನಪಿದ್ದರೆ ದೊಡ್ಡದು.

ಈ ಆಟಗಳನ್ನು ಹೆಣೆದಿರುವುದೇ ಮುಗಿಯದಂತೆ. ಆಡುವವನು ನಾಳೆಯೂ ಬರಬೇಕು, ನಾಡಿದ್ದೂ ಬರಬೇಕು. ಮುಗಿದರೆ ವ್ಯಾಪಾರ ನಿಲ್ಲುತ್ತದೆ. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ತಂತ್ರಜ್ಞಾನದ ಗೀಳಿಗೆ ‘ಶಟ್’ ಎಂಬ ವಿಶೇಷ ಕ್ಲಿನಿಕ್ ತೆರೆಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ದೇಶಗಳು ಗೇಮಿಂಗ್ ಗೀಳನ್ನು ಕಾಯಿಲೆಗಳ ಪಟ್ಟಿಗೆ ಸೇರಿಸಲು ಒಪ್ಪಿದವು. ತಂದೆ-ತಾಯಂದಿರ ಭಯ ಸುಳ್ಳಲ್ಲ.

ಹಾಗೆಂದು ಆ ಹುಡುಗರನ್ನು ಹಂಗಿಸಿಯೂ ಫಲವಿಲ್ಲ. ಸ್ಕ್ವಾಡ್‌ನ ನಾಲ್ವರಲ್ಲಿ ಒಬ್ಬ ಊರಲ್ಲಿದ್ದರೆ ಇನ್ನೊಬ್ಬ ಹೈದರಾಬಾದಿನಲ್ಲಿ ಕೆಲಸಕ್ಕಿರುತ್ತಾನೆ, ಮತ್ತೊಬ್ಬ ಪುಣೆಯಲ್ಲಿ. ರಾತ್ರಿ ಇಯರ್‌ಫೋನ್ ಸಿಕ್ಕಿಸಿಕೊಂಡರೆ ಕನ್ನಡ, ದಖನಿ, ಮರಾಠಿ ಕಲಸಿದ ಊರಿನದೇ ಮಾತು ಕಿವಿಗೆ ಬೀಳುತ್ತದೆ. ಫ್ರೀ ಫೈರ್‌ನಿಂದ ಅವರಿಗೆ ಏನಾದರೂ ಉಳಿಯುವುದಿದ್ದರೆ ಈ ಗೆಳೆಯರ ದನಿ. ಅದು ಆಟ ಕೊಟ್ಟದ್ದಲ್ಲ; ಹುಡುಗರೇ ಹೊತ್ತು ತಂದದ್ದು.

ಮುಗಿಯುವ ಆಟಗಳ ರೀತಿಯೇ ಬೇರೆ. ಲೂಕಸ್ ಪೋಪ್ ಎಂಬಾತ ಬಹುಮಟ್ಟಿಗೆ ಒಬ್ಬನೇ ಕುಳಿತು ಮಾಡಿ 2013ರಲ್ಲಿ ಹೊರತಂದ ‘ಪೇಪರ್ಸ್, ಪ್ಲೀಸ್’ ನೋಡಿ. ಇದರಲ್ಲಿ ಸಾಹಸವೂ ಇಲ್ಲ, ಅಂದಚೆಂದವೂ ಇಲ್ಲ. ಆಡುವವನು ಒಂದು ಕಾಲ್ಪನಿಕ ದೇಶದ ಗಡಿಯಲ್ಲಿ ಕುಳಿತ ಗುಮಾಸ್ತ. ಬಂದವರ ಕಾಗದ ನೋಡಿ ಸೀಲು ಹೊಡೆಯುವುದಷ್ಟೇ ಕೆಲಸ. ಎಷ್ಟು ಜನರ ಕಾಗದ ನೋಡಿದರೆ ಅಷ್ಟು ಸಂಬಳ. ಅದರಲ್ಲೇ ಬಾಡಿಗೆ, ಊಟ, ಮನೆಯವರ ಔಷಧಿ ತೂಗಬೇಕು. ಒಬ್ಬಾತನ ಕಾಗದ ಸರಿಯಿದೆ, ಒಳಗೆ ಹೋಗುತ್ತಾನೆ. ಹಿಂದೆಯೇ ಬರುವ ಅವನ ಹೆಂಡತಿಯ ಬಳಿ ಪರವಾನಗಿ ಇಲ್ಲ. ಬಿಟ್ಟರೆ ಮೇಲಿನಿಂದ ತಪ್ಪಿನ ಚೀಟಿ ಬರುತ್ತದೆ, ಬಿಡದಿದ್ದರೆ ಗಂಡ-ಹೆಂಡತಿ ಗಡಿಯ ಎರಡು ಕಡೆ. ಆಟಕ್ಕೆ 20 ಅಂತ್ಯಗಳಿವೆ.

ಇದರ ಅರ್ಥ ಹುಮನಾಬಾದ್, ಬಸವಕಲ್ಯಾಣದ ಸೀಮೆಗೆ ಬಿಡಿಸಿ ಹೇಳಬೇಕಿಲ್ಲ. ಪುಣೆ-ಸೋಲಾಪುರ ಕಡೆಯಿಂದ ಹೈದರಾಬಾದಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 65 ಈ ತಾಲ್ಲೂಕುಗಳನ್ನೇ ಹಾದುಹೋಗುತ್ತದೆ. 2020ರ ಲಾಕ್‌ಡೌನ್‌ನಲ್ಲಿ ಮುಂಬೈ, ಪುಣೆಗಳಿಂದ ಗಂಟುಮೂಟೆ ಹೊತ್ತು ಬಂದ ಈ ಭಾಗದ ಕೂಲಿಕಾರರು ತಮ್ಮದೇ ಜಿಲ್ಲೆಯ ಗಡಿಯಲ್ಲಿ ತಡೆದು ನಿಲ್ಲಬೇಕಾಯಿತು. 2021ರ ಫೆಬ್ರುವರಿಯಲ್ಲಿ ಮಹಾರಾಷ್ಟ್ರದಿಂದ ಬರುವವರು ಕೋವಿಡ್ ನೆಗೆಟಿವ್ ವರದಿ ತೋರಿಸಲೇಬೇಕೆಂದು ಆದೇಶವಾಯಿತು. ಚೆಕ್‌ಪೋಸ್ಟ್‌ನ ಈಚೆ ಕುಳಿತು ಕಾಗದ ನೋಡುವವನ ಕಷ್ಟವೇನು, ಆಚೆ ನಿಂತವನ ಸಂಕಟವೇನು ಎಂಬುದನ್ನು ಆ ಪುಟ್ಟ ಆಟ ಎಷ್ಟೋ ವರ್ಷ ಮೊದಲೇ ಬೆರಳ ತುದಿಗೆ ತಂದಿಟ್ಟಿತ್ತು. 2022ರಿಂದ ಅದು ಫೋನಿನಲ್ಲೂ ಸಿಗುತ್ತದೆ. ಕನ್ನಡದಲ್ಲಿ ಸಿಗುವುದಿಲ್ಲ.

ನೆರೆಯ ತಮಿಳರದೊಂದು ಉದಾಹರಣೆ ಇನ್ನೂ ಹತ್ತಿರದ್ದು. ಕೆನಡಾದ ವಿಸೈ ಗೇಮ್ಸ್ 2023ರಲ್ಲಿ ತಂದ ‘ವೆಂಬಾ’ ಎಂಬ ಆಟ ಸುಮಾರು ಒಂದೂವರೆ ಗಂಟೆಯಲ್ಲಿ ಮುಗಿಯುತ್ತದೆ. 1980ರ ದಶಕದಲ್ಲಿ ಕೆನಡಾಕ್ಕೆ ಹೋದ ತಮಿಳು ಹೆಣ್ಣುಮಗಳೊಬ್ಬಳು ತಾಯಿಯ ಅಡುಗೆ ಪುಸ್ತಕ ಇಟ್ಟುಕೊಂಡಿದ್ದಾಳೆ. ಅಕ್ಷರ ಅಳಿಸಿಹೋಗಿವೆ, ಹಾಳೆ ಹರಿದಿವೆ. ಇಡ್ಲಿ ತಟ್ಟೆಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ಹಬೆ ಎಲ್ಲ ಗುಳಿಗೂ ತಲುಪುತ್ತದೆ ಎಂದು ಆಡುವವರೇ ಕಂಡುಕೊಳ್ಳಬೇಕು. ಮಗ ಬೆಳೆಯುತ್ತ ಇಂಗ್ಲಿಷಿಗೆ ಜಾರುತ್ತಾನೆ, ತಾಯಿಯ ಮಾತು ಅವನಿಗೆ ಅರ್ಧಂಬರ್ಧ ಕೇಳತೊಡಗುತ್ತದೆ. ಬ್ರಿಟನ್‌ನ ಬಾಫ್ಟಾ 2024ರಲ್ಲಿ ಇದಕ್ಕೆ ಚೊಚ್ಚಲ ಆಟದ ಪ್ರಶಸ್ತಿ ಕೊಟ್ಟಿತು. ಬೀದರ್ ಸೀಮೆಯಲ್ಲಿ ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೊತ್ತೊಯ್ಯುವ ಭಜ್ಜಿಯಲ್ಲಿ ಎಷ್ಟು ಬಗೆಯ ಕಾಳು, ಎಷ್ಟು ಬಗೆಯ ಸೊಪ್ಪು ಬೀಳಬೇಕು ಎಂದು ಪುಣೆಯಲ್ಲಿ ಬೆಳೆದ ಮೊಮ್ಮಗಳು ಅಜ್ಜಿಗೆ ಫೋನ್ ಮಾಡಿ ಕೇಳುತ್ತಾಳಲ್ಲ, ಅದರೊಳಗೂ ಇಂಥದ್ದೇ ಒಂದು ಆಟವಿದೆ.

ಇನ್ನು ಬಸವಕಲ್ಯಾಣದ ಮಾತು. ಕಲ್ಯಾಣದ ಕ್ರಾಂತಿ ಲಂಕೇಶರ ‘ಸಂಕ್ರಾಂತಿ’ಗೆ ವಸ್ತುವಾಯಿತು, ಗಿರೀಶ ಕಾರ್ನಾಡರ ‘ತಲೆದಂಡ’ಕ್ಕೂ ಆಯಿತು. ಆಟಕ್ಕೆ ಇನ್ನೂ ಒದಗಿಲ್ಲ. ಕತ್ತಿ ಹಿಡಿಯದೆಯೂ ಆಟ ಕಟ್ಟಬಹುದು ಎಂಬುದನ್ನು 2019ರ ‘ಡಿಸ್ಕೊ ಎಲಿಸಿಯಂ’ ತೋರಿಸಿಕೊಟ್ಟಿದೆ. ಅದರಲ್ಲಿ ಆಡುವವನು ಮಾಡುವುದು ಬಹುಪಾಲು ಮಾತುಕತೆ. ಅನುಭವ ಮಂಟಪಕ್ಕಿಂತ ದೊಡ್ಡ ಮಾತಿನ ಅಂಗಳ ಎಲ್ಲಿದೆ? ಹರಳಯ್ಯ-ಮಧುವರಸರ ಮನೆಯ ಮದುವೆಗೆ ಹೋಗಬೇಕೋ ಬೇಡವೋ, ಊರು ಹೊತ್ತಿ ಉರಿದಾಗ ಅಲ್ಲೇ ನಿಲ್ಲಬೇಕೋ, ವಚನದ ಕಟ್ಟು ಹೊತ್ತು ಉಳವಿಯ ದಾರಿ ಹಿಡಿಯಬೇಕೋ ಎಂಬುದನ್ನು ಹದಿನೇಳರ ಹುಡುಗಿಯೊಬ್ಬಳು ತಾನೇ ತೀರ್ಮಾನಿಸಬೇಕಾಗಿ ಬಂದರೆ, ಪರೀಕ್ಷೆಗೆಂದು ಉರುಹೊಡೆದ ಹನ್ನೆರಡನೆಯ ಶತಮಾನ ಅವಳಿಗೆ ಬೇರೆಯಾಗಿಯೇ ಕಂಡೀತು.

ಇದಕ್ಕೆ ದುಡ್ಡೆಲ್ಲಿ ಎಂಬ ಪ್ರಶ್ನೆಗೆ ಉತ್ತರ ವಿಧಾನಸೌಧದಲ್ಲೇ ಇದೆ. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದು ಕರ್ನಾಟಕ 2012ರಲ್ಲೇ ನೀತಿ ರೂಪಿಸಿತು. ಈಗಿನ ನೀತಿಯ ಅವಧಿ 2024ರಿಂದ 2029. ಸರ್ಕಾರ ಅದರ ಬಗ್ಗೆ ಆಡುವ ಮಾತು ಹೆಚ್ಚಾಗಿ ಉದ್ಯೋಗ, ಹೂಡಿಕೆಯದು. ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುವ ಸರ್ಕಾರ ಕನ್ನಡದ ನಾಲ್ಕಾರು ಸಣ್ಣ ಆಟಗಳಿಗೂ ವರ್ಷಕ್ಕಿಷ್ಟು ಎಂದು ಎತ್ತಿಡಬಹುದು. ಹೊರಗಿನ ಒಳ್ಳೆಯ ಆಟಗಳಿಗೆ ಕನ್ನಡದ ಅಕ್ಷರ ತೊಡಿಸುವ ಕೆಲಸ ಇನ್ನೂ ಅಗ್ಗದ್ದು. ಪ್ರತಿ ವಾರ ಸಿನಿಮಾ ವಿಮರ್ಶೆ ಅಚ್ಚಾಗುವ ಪತ್ರಿಕೆಗಳಲ್ಲಿ ತಿಂಗಳಿಗೊಂದು ಗೇಮ್ ವಿಮರ್ಶೆಗೆ ಅರ್ಧ ಕಾಲಂ ಸಿಕ್ಕರೆ, ಮಗನ ಕೈಗೆ ಫೋನ್ ಕೊಡುವ ತಾಯಿಗೂ ಒಂದು ದಾರಿ ಕಂಡೀತು.

‘ಪೇಪರ್ಸ್, ಪ್ಲೀಸ್’ ಮಾಡಲು ಲೂಕಸ್ ಪೋಪ್‌ಗೆ ಒಂದು ವರ್ಷವೂ ಹಿಡಿಯಲಿಲ್ಲ. ಈಗಿನ ನೀತಿ ಮುಗಿಯಲು 2029ರವರೆಗೆ ಕಾಲವಿದೆ. ಹುಮನಾಬಾದಿನ ಕಾಲೇಜೊಂದರ ಮೂವರು ಹುಡುಗಿಯರು ಒಂದು ಲ್ಯಾಪ್‌ಟಾಪ್ ಇಟ್ಟುಕೊಂಡು ಹೆದ್ದಾರಿಯ ಚೆಕ್‌ಪೋಸ್ಟಿನದೋ, ಎಳ್ಳಮಾವಾಸ್ಯೆಯ ಬುತ್ತಿಯದೋ ಆಟ ಕಟ್ಟಲು ಕುಳಿತರೆ, ಅವರು ಅರ್ಜಿ ಹಾಕಬೇಕಾದ ಬಾಗಿಲು ಯಾವುದೆಂದು ಅಷ್ಟರೊಳಗೆ ಸರ್ಕಾರ ಹೇಳಲಿ.