ಬಣ್ಣದ ನೀರಿಗೊಂದು ಅಯಸ್ಕಾಂತ



ನಾನಿರುವ ಬುದಯ್ಯದ ಪಕ್ಕದಲ್ಲೇ ಬನೀ ಜಮ್ರಾ ಎಂಬ ಊರಿದೆ. ಕೈಮಗ್ಗಕ್ಕೆ ಹೆಸರಾದ ಊರು. ಅಲ್ಲಿನ ಮಗ್ಗ ನೋಡಿದಾಗಲೆಲ್ಲ ನಮ್ಮ ಇಳಕಲ್ಲು, ಗುಳೇದಗುಡ್ಡ, ರಬಕವಿ-ಬನಹಟ್ಟಿ ನೆನಪಾಗುತ್ತವೆ. ಜೊತೆಗೊಂದು ಪ್ರಶ್ನೆ: ನೂಲಿಗೆ ಬಣ್ಣ ಹಾಕಿದ ಮೇಲೆ ಉಳಿಯುವ ನೀರು ಎಲ್ಲಿಗೆ ಹೋಗುತ್ತದೆ?

ತಿರುಪ್ಪೂರು ಈ ಪ್ರಶ್ನೆ ಕೇಳಿಕೊಳ್ಳಲು ತಡಮಾಡಿತು. ಅಲ್ಲಿನ ನೊಯ್ಯಲ್ ಹೊಳೆ ಸೇರುವುದು ನಮ್ಮ ಕಾವೇರಿಯನ್ನೇ. ಬೇಸಾಯಕ್ಕೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟೆಯಲ್ಲಿ ಬಣ್ಣದ ಕೊಳಕು ತುಂಬಿತು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಬಣ್ಣದ ಘಟಕಗಳನ್ನು ಮುಚ್ಚಲು ಆದೇಶಿಸಿತು. ನೀರೂ ಕೆಟ್ಟಿತು, ಕೆಲಸವೂ ಹೋಯಿತು!

ಸೋಪು, ಬಿಸಿಲು ಯಾವುದಕ್ಕೂ ಬಿಡಬಾರದೆಂದೇ ರಾಸಾಯನಿಕ ಬಣ್ಣ ತಯಾರಾಗುತ್ತದೆ. ಹಾಗಾಗಿ ಶುದ್ಧೀಕರಣದ ತೊಟ್ಟಿಯ ಬ್ಯಾಕ್ಟೀರಿಯಾಕ್ಕೂ ಅದು ಸುಲಭವಾಗಿ ಜಗ್ಗುವುದಿಲ್ಲ. ಇದಕ್ಕೆ ಸಂಶೋಧಕರು ತೋರಿಸುತ್ತಿರುವ ಒಂದು ದಾರಿ ಮ್ಯಾಗ್ನಟೈಟ್, ಅಂದರೆ ಕಪ್ಪು ಕಬ್ಬಿಣದ ಆಕ್ಸೈಡ್. ಅದರ 10-20 ನ್ಯಾನೊಮೀಟರ್ ಗಾತ್ರದ ಕಣಗಳನ್ನು ನೀರಿಗೆ ಹಾಕುತ್ತಾರೆ. ಕಣ ಸಣ್ಣದಾದಷ್ಟೂ ಬಣ್ಣ ಅಂಟಲು ಮೈ ಹೆಚ್ಚು. ಆಮ್ಲೀಯ ನೀರಿನಲ್ಲಿ ಕಣದ ಮೈಗೆ ಧನ ಆವೇಶ ಬರುತ್ತದೆ, ಋಣ ಆವೇಶದ ಬಣ್ಣ ಬಂದು ಅಂಟಿಕೊಳ್ಳುತ್ತದೆ. ಆಮೇಲೆ ಅಯಸ್ಕಾಂತ ಹಿಡಿದರೆ ಕಣಗಳೆಲ್ಲ ಒಂದು ಕಡೆ ಸೇರುತ್ತವೆ, ಸೋಸುವ ಗೋಜಿಲ್ಲ. ಕ್ಷಾರದಲ್ಲಿ ತೊಳೆದು ಮತ್ತೆ ಬಳಸಬಹುದು.

ಕೇಳಲು ಚೆನ್ನಾಗಿದೆ, ಅಲ್ಲವೇ? ಆದರೆ ಬಣ್ಣ ನಾಶವಾಗಿಲ್ಲ, ಜಾಗ ಬದಲಿಸಿದೆ ಅಷ್ಟೆ. ತೊಳೆದ ನೀರಿನಲ್ಲಿ ಅದು ಇನ್ನೂ ಗಾಢವಾಗಿ ಕೂತಿರುತ್ತದೆ. ಹತ್ತಿಗೆ ಬಣ್ಣ ಹಿಡಿಯಲೆಂದು ಸುರಿದ ಉಪ್ಪನ್ನು ಅಯಸ್ಕಾಂತ ಎಳೆಯುವುದಿಲ್ಲ. ಹೊಲ ಹಾಳುಮಾಡುವುದರಲ್ಲಿ ಉಪ್ಪಿನ ಪಾಲೂ ದೊಡ್ಡದು. ಪ್ರಯೋಗಾಲಯದ ಎಷ್ಟೋ ಪರೀಕ್ಷೆಗಳು ಶುದ್ಧ ನೀರಿಗೆ ಮೆಥಿಲೀನ್ ಬ್ಲೂ ಬೆರೆಸಿ ಮುಗಿಯುತ್ತವೆ. ಇಳಕಲ್ಲಿನ ಬಣ್ಣದ ಹಂಡೆ ಅಷ್ಟು ಸರಳವಲ್ಲ. ಸಾಫ್ಟ್‌ವೇರಿನವರಿಗೆ ಗೊತ್ತೇ ಇದೆ: ನಮ್ಮ ಕಂಪ್ಯೂಟರಿನಲ್ಲಿ ಓಡಿದ್ದೆಲ್ಲ ಗ್ರಾಹಕರಲ್ಲಿ ಓಡುವುದಿಲ್ಲ!

ನಮ್ಮಲ್ಲಿ ಹಲವರು ಓದಿದ ಕಾಲೇಜುಗಳ ಪ್ರಾಜೆಕ್ಟುಗಳಿಗೆ ಹಣ ಕೊಡುತ್ತೇವೆ. ಇನ್ನು ಮುಂದೆ ಮೂರು ಮಾತು ಕೇಳೋಣ. ಪರೀಕ್ಷೆಗೆ ನೇಕಾರರ ಊರಿನಿಂದಲೇ ಒಂದು ಕ್ಯಾನು ನೀರು ತಂದಿರಾ? ಕಣಗಳನ್ನು ಎಷ್ಟು ಸಲ ಮತ್ತೆ ಬಳಸಿದಿರಿ? ತೊಳೆದ ಬಣ್ಣವನ್ನೂ ಉಪ್ಪನ್ನೂ ಏನು ಮಾಡಿದಿರಿ? ಫಲಿತಾಂಶ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಎರಡು ಪುಟ ಕನ್ನಡದಲ್ಲೂ ಬರೆದುಕೊಡಲಿ. ಹಂಡೆಯ ಮುಂದೆ ನಿಲ್ಲುವವನಿಗೆ ಓದಲಾಗದ ವಿಜ್ಞಾನದಿಂದ ಹೊಳೆ ತಿಳಿಯಾಗದು.

ಏನಂತೀರಿ? ಬರೆದು ತಿಳಿಸಿ.